ಮುನಾವರನ ಬಿಟ್ಟುಹೋದ ಫ್ರೇಮುಗಳು

೩ ಜೂನ್ ೨೦೨೪, ಸೋಮವಾರ. ರೋಣ

ಎಲೈ ಖಾಲಿ ಹಾಳೆಯೇ, ಮೈಯೆಲ್ಲ ಕಿವಿಯಾಗಿ ಕೇಳು! ಈ ಬಾಬುಸಾಬ ಗಜೇಂದ್ರಗಡದ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ರಾಜನಾಗಿ, ರಾಕ್ಷಸನಾಗಿ, ಕಂಪನಿ ಮುಳುಗುವ ಹೊತ್ತಿಗೆ ಮುದಿ ಮಂತ್ರಿಯಾಗಿ ಗರ್ಜಿಸಿದವನು. ಮೈಕು ಕೆಟ್ಟ ದಿನವೂ ಕಟ್ಟಕಡೆಯ ಚಾಪೆಯ ಮೇಲೆ ಕೂತವನಿಗೆ ನನ್ನ ಮಾತು ಮುಟ್ಟಿದೆ. ಈಗ ಅದೇ ಕಂಠ ಆಟೋದಲ್ಲಿ ಕೂತು ರೋಣದ ಓಣಿ ಓಣಿಗೆ ಸೀರೆ ಅಂಗಡಿಯ ಜಾಹೀರಾತು ಕೂಗುತ್ತದೆ. ಇರಲಿ. ಅದು ನನ್ನ ಪಾಡು. ಇವತ್ತು ಪೆನ್ನು ಹಿಡಿದದ್ದು ತಮ್ಮನ ಸಲುವಾಗಿ.

ತಮ್ಮ ಮುನಾವರ, ಮೂವತ್ತೆಂಟರವನು, ಹನ್ನೆರಡು ವರ್ಷ ಲಾರಿ ಹೊಡೆದವನು. ಹೋದ ವರ್ಷ ಹತ್ತಿ ಹೇರಿದ ಗಾಡಿಯ ಮೇಲೆ ಹಗ್ಗ ಬಿಗಿಯುವಾಗ ಕೆಳಗೆ ಬಿದ್ದ. ತಲೆಗೆ ಹದಿನಾಲ್ಕು ಹೊಲಿಗೆ. ಗಾಯ ಮಾಯಿತು, ಕೂದಲು ಬಂತು, ಕೆಲಸ ಮಾತ್ರ ತಿರುಗಿ ಬರಲಿಲ್ಲ. ಈಗ ಒಂದು ಬಾಗಿಲು ತೆರೆದಿದೆ. ಸಾಲಿ ಹುಡುಗರನ್ನು ಒಯ್ಯುವ ಎರಡು ವ್ಯಾನು ಇಟ್ಟಿರುವ ಸಣ್ಣಪ್ಪ ಹೇಳಿದ್ದಾನೆ, "ಜುಲೈ ಐದಕ್ಕ ಬಾರಪಾ, ಗಾಡಿ ಹೊಡದು ತೋರಸು, ಕೈ ಚಲೋ ಇದ್ರ ಇಟ್ಕೋತೀನಿ."

ಅಂದಿನಿಂದ ಮುನಾವರ ಹಗಲೆಲ್ಲ ಕಂಪ್ಯೂಟರ್ ಮುಂದೆ. ಅದು ಅವನ ಹೆಂಡತಿ ನಾಜಮೀನಳದು. ಜನರ ಅರ್ಜಿ ತುಂಬಿಕೊಡಲು ಗದಗಿನಲ್ಲಿ ಮುಚ್ಚಿದ ಒಂದು ಗೇಮಿನ ಅಂಗಡಿಯಿಂದ ತಂದದ್ದು. ಅದರೊಳಗೆ ಲಾರಿ ಹೊಡೆಯುವ ಆಟವೊಂದು ಉಳಿದಿತ್ತು. ಲಾರಿ ಗೆಳೆಯರು ಒಂದು ಆಟದ ಸ್ಟೇರಿಂಗ್ ತಂದುಕೊಟ್ಟರು. ಅವನು ಹೊಡೆಯುತ್ತಾನೆ, ಘಾಟು ಏರುತ್ತಾನೆ, ಊರು ದಾಟುತ್ತಾನೆ. ಆದರೆ ತಿರುವಿನಲ್ಲಿ ಆಟ ಗಕ್ಕನೆ ನಿಲ್ಲುತ್ತದೆ. ಮತ್ತೆ ಚಲಿಸುವ ಹೊತ್ತಿಗೆ ಲಾರಿ ತಗ್ಗಿನಲ್ಲಿ.

"ನನ್ನ ಕೈ ಹೋತು ಭಾಯಿ," ಅಂದ ಇವತ್ತು. ಸ್ಟೇರಿಂಗ್ ಬಿಟ್ಟು ಎರಡೂ ಅಂಗೈ ನೋಡಿಕೊಂಡ.

"ಬಾಯಿ ಮುಚ್ಚು!" ಎಂದು ಗುಡುಗಿದೆ. ಗೋಡೆಯ ಗಡಿಯಾರ ನಡುಗಿತು. "ಕೈ ನಿಂದು ಬಂಗಾರ. ತಪ್ಪು ಈ ಯಂತ್ರದ್ದು. ಯಂತ್ರವನ್ನು ನಾನು ನೋಡಿಕೊಳ್ಳುತ್ತೇನೆ!"

ಆಣೆ ಇಟ್ಟಿದ್ದೇನೆ. ರಂಗದ ಮೇಲಲ್ಲ, ಮನೆಯೊಳಗೆ.

೬ ಜೂನ್, ಗುರುವಾರ

ನರಗುಂದಕ್ಕೆ ಹೋಗಿ ಬಂದೆ. ಅದಕ್ಕೂ ಮೊದಲು ರೋಣದ ಮೊಬೈಲ್ ಅಂಗಡಿಯವನು ಒಂದೇ ಮಾತಿನಲ್ಲಿ ಹೇಳಿದ್ದ: "ಹಳೆ ಹಾರ್ಡ್ ಡಿಸ್ಕ್ ತೆಗದು ಎಸ್‌ಎಸ್‌ಡಿ ಹಾಕಸ್ರಿ, ಫ್ರೇಮು ಡಬಲ್ ಆಗತಾವ." ಫ್ರೇಮು ಅಂದರೆ ಯಂತ್ರ ಒಂದು ಸೆಕೆಂಡಿನಲ್ಲಿ ಬಿಡಿಸಿ ತೋರಿಸುವ ಚಿತ್ರಗಳ ಎಣಿಕೆ. ಹೆಚ್ಚಿದ್ದಷ್ಟೂ ಓಟ ನಯ, ಕಡಿಮೆಯಾದಷ್ಟೂ ತೊದಲು. ಎಸ್‌ಎಸ್‌ಡಿ ಅಂದರೆ ಹೊಸ ತರದ ಚುರುಕು ಡಿಸ್ಕಂತೆ.

ನರಗುಂದದಲ್ಲಿ ಗುಡ್ಡದ ಬುಡಕ್ಕೆ ಶಶಿಕಾಂತನ ಕಂಪ್ಯೂಟರ್ ಅಂಗಡಿ. ಸಣ್ಣ ವಯಸ್ಸು, ಸಣ್ಣ ದನಿ. ಒಳಗೆ ಕಾಲಿಟ್ಟವನೇ ಕೇಳಿದೆ, "ಎಸ್‌ಎಸ್‌ಡಿ ಹಾಕಿದರೆ ಫ್ರೇಮು ಡಬಲ್ ಆಗುವುದು ಸತ್ಯವೋ, ಮಿಥ್ಯವೋ?"

"ಚಾಚಾ, ಮೆಲ್ಲಕ. ಬಾಜೂ ಬಂಗಾರದ ಅಂಗಡಿ ಐತಿ. ದರೋಡೆ ಬಿತ್ತಂತ ತಿಳಕೊಂಡಾರು."

"ಉತ್ತರ ಕೊಡು ಮಾರಾಯಾ!"

"ಸುಳ್ಳರಿ. ಫ್ರೇಮು ಬಿಡಿಸಾಂವ ಬ್ಯಾರೆ, ಸಾಮಾನು ಇಡೂ ಜಾಗಾ ಬ್ಯಾರೆ. ಎಸ್‌ಎಸ್‌ಡಿ ಹಾಕಿದ್ರ ಆಟ ಲಗೂನ ತೆರಿತೈತಿ. ಒಮ್ಮೆ ತೆರದ ಮ್ಯಾಲ ಫ್ರೇಮು ಇದ್ದಷ್ಟ ಇರತಾವ. ಭಾಳಂದ್ರ ಒಂದೊ ಎರಡೊ ಹೆಚ್ಚ."

ನನಗೆ ಕ್ಷಣದಲ್ಲಿ ಹೊಳೆಯಿತು! "ಅಂದರೆ ಹೀಗೆ. ಡಿಸ್ಕು ಅಂದರೆ ರಂಗದ ಹಿಂದಿನ ಸಾಮಾನು ಖೋಲಿ. ಅರಮನೆ ಪರದೆ, ಕಾಡಿನ ಪರದೆ ಅಲ್ಲಿಂದ ಬರಬೇಕು. ಖೋಲಿಯವರು ಚುರುಕಾದರೆ ದೃಶ್ಯ ಬದಲಾಗುವುದು ಬೇಗ. ಆದರೆ ರಂಗದ ಮೇಲೆ ಕತ್ತಿ ತಿರುವುವ ನಟನ ಕೈ ಅದರಿಂದ ಚುರುಕಾಗುವುದಿಲ್ಲ!"

ಶಶಿಕಾಂತ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟ. "ಇದನ್ನ ನಾ ಯಾರಿಗೂ ಇಷ್ಟ ಚಂದ ಹೇಳಿಲ್ಲ ಚಾಚಾ." ಆಮೇಲೆ ಇನ್ನೊಂದು ಮಾತು ಸೇರಿಸಿದ. "ಆದ್ರ ನಿಮ್ಮ ತಮ್ಮಂದು ದೊಡ್ಡ ರಸ್ತಾದ ಆಟ. ಆಟ ನಡದಾಗನ ಮುಂದಿನ ಊರಿನ ಸಾಮಾನು ಬರಬೇಕ. ಹಳೆ ಡಿಸ್ಕ್ ತಡಾ ಮಾಡಿದ್ರ ಅಷ್ಟೊತ್ತು ಚಿತ್ರ ಗಪ್ಪನ ನಿಂದರತೈತಿ. ಆ ನಿಂದರೂದು ಎಸ್‌ಎಸ್‌ಡಿಯಿಂದ ಹೋಗತೈತಿ."

ಸಾಕು! ಬೇಕಾದದ್ದು ಅದೇ. ಬಸ್ಸಿನಲ್ಲಿ ಆ ಬೆರಳುದ್ದದ ವಸ್ತುವನ್ನು ಎದೆಯ ಜೇಬಿನಲ್ಲಿ ಕೈ ಒತ್ತಿ ಹಿಡಿದು ತಂದೆ.

೯ ಜೂನ್, ರವಿವಾರ

ವಿಜಯ! ಶಶಿಕಾಂತ ಫೋನಿನಲ್ಲಿ ಹೇಳಿಕೊಟ್ಟಂತೆ ನಾಜಮೀನ ಡಬ್ಬಿ ಬಿಚ್ಚಿ ಜೋಡಿಸಿದಳು. ಆಟ ತೆರೆಯಲು ಮುಂಚೆ ಎರಡು ನಿಮಿಷ, ಈಗ ಹನ್ನೆರಡು ಸೆಕೆಂಡು. ಮೂಲೆಯಲ್ಲಿ ಫ್ರೇಮಿನ ಸಂಖ್ಯೆ ಕಾಣುವಂತೆ ಮಾಡಿದ್ದಾಳೆ. ಮುಂಚೆ ಐವತ್ತೊಂದು ಇದ್ದದ್ದು ಊರು ಹೊಕ್ಕಾಗ ಎಂಟಕ್ಕೋ ಒಂಬತ್ತಕ್ಕೋ ಬೀಳುತ್ತಿತ್ತು. ಈಗ ಐವತ್ತೆರಡು. ಊರು ಬಂದರೂ ಐವತ್ತೆರಡು. ಶಶಿಕಾಂತನ ಮಾತು ಅಕ್ಷರ ಅಕ್ಷರ ಖರೆ.

ಮುನಾವರ ಒಂದು ತಾಸು ಹೊಡೆದ. ಹಾರ್ನು ಹಾಕಿದ, ಎದುರಿನ ಲಾರಿಗೆ ಬೈದ, "ಸರಿಯಲೇ ಮಗನ, ನಿಮ್ಮಪ್ಪನ ರಸ್ತಾ ಏನು?" ಅಂದ. ಆ ಬೈಗುಳ ಕೇಳಿ ನಾಜಮೀನ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಹದಿನಾರು ತಿಂಗಳಾಗಿತ್ತು ಅವನು ಹಾಗೆ ಬೈದು.

೧೦ ಜೂನ್, ಸೋಮವಾರ

ಮತ್ತೆ ನಿಂತಿತಂತೆ. ಅದೇ ಥರ. ಲಾರಿ ತಗ್ಗಿನಲ್ಲಿ.

ನಾನು ಸಂಖ್ಯೆ ನೋಡುತ್ತಿದ್ದೆ. ಐವತ್ತೆರಡೇ ಇತ್ತು. ಸಂಖ್ಯೆ ಸುಳ್ಳು ಹೇಳುತ್ತಿರಬೇಕು.

೧೪ ಜೂನ್, ಶುಕ್ರವಾರ

ನಾಜಮೀನ ಇವತ್ತು ನಾನು ಒಬ್ಬನೇ ಇದ್ದಾಗ ಬಂದು ಬಾಗಿಲ ಹತ್ತಿರ ನಿಂತಳು.

"ಭಾವಾರ, ಒಂದು ಮಾತು. ಅವರು ಊಟಕ್ಕ ಕೂತಾಗೂ ಹಂಗ ನಿಂದರತಾರ್ರಿ. ತುತ್ತು ಕೈಯಾಗ ಇರತೈತಿ, ಕಣ್ಣು ಎಲ್ಲೋ ಇರತಾವ. ಮೊನ್ನಿ ಚಹಾ ಕಪ್ಪು ಬಿಟ್ಟರು."

"ಚಿಂತೆ ತಾಯಿ, ಚಿಂತೆ! ಕೆಲಸವಿಲ್ಲದ ಗಂಡಸಿನ ಮನಸ್ಸು ಎಲ್ಲೆಲ್ಲೋ ಅಲೆಯುತ್ತದೆ," ಎಂದೆ. "ಅವನ ಮುಂದ ಮಾತ್ರ ಈ ಮಾತು ತೆಗೀಬ್ಯಾಡ."

ಯಾಕೆ ಹಾಗೆ ಅಂದೆ ಎಂದು ಅವಳಿಗೆ ಗೊತ್ತಿಲ್ಲ, ಅವಳು ಕಂಪನಿ ಕಂಡವಳಲ್ಲ. ನಮ್ಮಲ್ಲೊಂದು ಕಟ್ಟಳೆ ಇತ್ತು, ಅದಕ್ಕೆ ನಾವು ಸಂಭಾಳಿಸುವುದು ಅನ್ನುತ್ತಿದ್ದೆವು. ರಂಗದ ಮೇಲೆ ಒಬ್ಬ ಮಾತು ಮರೆತು ನಿಂತನೋ, ಎದುರಿನವನು ತಡಮಾಡದೆ ಅವನ ಮಾತನ್ನೂ ತಾನೇ ಎತ್ತಿಕೊಂಡು ಆಡಿಬಿಡಬೇಕು. ಪೇಟಿ ಮಾಸ್ತರ ಒಂದು ಸ್ವರ ಎಳೆಯಬೇಕು. ಜನಕ್ಕೆ ಗೊತ್ತಾಗಬಾರದು. ಮುಖ್ಯವಾದದ್ದು ಇದು: ಆಟ ಮುಗಿದ ಮೇಲೂ ಅದನ್ನು ಮರೆತವನಿಗೆ ಹೇಳಬಾರದು. ಹೇಳಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತಾನೆ. ನಮ್ಮ ಕಂಪನಿಯ ನಾಯಕನೊಬ್ಬ ಹೀಗೇ ಮುಗಿದುಹೋದ. ಯಾರೋ ಹೇಳಿಬಿಟ್ಟಿದ್ದರು.

ಮುನಾವರನ ವಿಷಯದಲ್ಲೂ ಅದನ್ನೇ ಮಾಡುತ್ತಿದ್ದೇನೆ. ಮೊನ್ನೆ ಚಹಾದ ಅಂಗಡಿಯಲ್ಲಿ ಯಾರೋ ಕೇಳಿದರು, "ಈಗ ಏನು ಮಾಡ್ತೀಪಾ?" ಇವನು "ಸಣ್ಣಪ್ಪನ..." ಅಂದವನು ಅಲ್ಲೇ ನಿಂತ. ನಾನು ಆ ಮಾತಿನ ತುದಿ ನೆಲಕ್ಕೆ ಬೀಳುವ ಮುಂಚೆ ಹಿಡಿದೆ: "ಸಣ್ಣಪ್ಪನ ವ್ಯಾನಿನ ಸಾರಥಿ ಆಗಾಂವದಾನ ನನ್ನ ತಮ್ಮ! ಚಹಾ ಹೇಳು, ಸಕ್ಕರಿ ಜಾಸ್ತಿ!" ಎಲ್ಲರೂ ನಕ್ಕರು. ಅವನೂ ನಕ್ಕ. ಯಾರಿಗೂ ಏನೂ ತಿಳಿಯಲಿಲ್ಲ.

೧೯ ಜೂನ್, ಬುಧವಾರ

ಸಣ್ಣಪ್ಪನಿಗೆ ಡಾಕ್ಟರ್ ಸರ್ಟಿಫಿಕೇಟು ಬೇಕಂತೆ. ದವಾಖಾನಿಗೆ ಕರೆದುಕೊಂಡು ಹೋದೆ. ಹೊರಗೆ ನಲವತ್ತು ಜನ, ಒಳಗೆ ಒಬ್ಬನೇ ಡಾಕ್ಟರ, ತಲೆ ಎತ್ತಲು ಪುರುಸೊತ್ತಿಲ್ಲ.

"ತಲೆಗೆ ಪೆಟ್ಟು ಬಿದ್ದ ಮೇಲೆ ಏನಾದರೂ ತೊಂದರೆ? ಎಚ್ಚರ ತಪ್ಪುವುದು, ಕಣ್ಣು ಕತ್ತಲಿಡುವುದು?"

ಮುನಾವರ ಬಾಯಿ ತೆರೆದ. ಮಾತು ಬರಲಿಲ್ಲ. ಅಂಗಿಯ ಗುಂಡಿ ಹಿಡಿದುಕೊಂಡು ಕೂತ.

ನಾನು ಮೇಜಿನ ಈಚೆಯಿಂದ ಎದ್ದೆ. "ಡಾಕ್ಟರ ಸಾಹೇಬರ! ಹೋದ ವರ್ಷ ಬಿದ್ದಾಂವ ಇವತ್ತು ಬೆಟ್ಟದಂಗ ಕೂತಾನ. ನಿದ್ದಿ ಚಲೋ, ಊಟ ಚಲೋ, ಕಣ್ಣು ಹದ್ದಿನ ಕಣ್ಣು!" ಡಾಕ್ಟರ ನಗುತ್ತ ಬಿಪಿ ನೋಡಿದ, ಕಣ್ಣಿನ ಅಕ್ಷರ ಓದಿಸಿದ, ಸಹಿ ಹಾಕಿದ.

ಹೊರಗೆ ಬಂದಾಗ ಮುನಾವರ ಕೇಳಿದ, "ಡಾಕ್ಟರ ನನ್ನ ಏನಾರ ಕೇಳಿದ್ನೇನು?"

"ಎಲ್ಲಾ ಕೇಳಿದ. ಎಲ್ಲಾ ಹೇಳಿದಿ," ಎಂದೆ.

ಇವತ್ತಿನ ಪಾತ್ರದ ಬಗ್ಗೆ ನನಗೆ ಹೆಮ್ಮೆ ಇದೆ. ಆಟ ಮಾತ್ರ ಇನ್ನೂ ನಿಲ್ಲುತ್ತದಂತೆ. ದಿನಕ್ಕೆ ನಾಲ್ಕು ಸಲ, ಐದು ಸಲ. ಶಶಿಕಾಂತನಿಗೆ ಫೋನು ಮಾಡಿ ಕಳಪೆ ಮಾಲು ಕೊಟ್ಟೆ ಎಂದು ಅಬ್ಬರಿಸಿದೆ. ಪಾಪ, ರವಿವಾರ ಇಟಗಿಗೆ ಭೀಮಾಂಬಿಕೆ ದರ್ಶನಕ್ಕೆ ಬರುವವನಿದ್ದಾನೆ, ಹಾಗೇ ರೋಣಕ್ಕೆ ಬಂದು ನೋಡುತ್ತೇನೆ ಅಂದ.

೨೩ ಜೂನ್, ರವಿವಾರ

ಶಶಿಕಾಂತ ಬಂದಿದ್ದ. ಹಣೆಯಲ್ಲಿ ಭಂಡಾರ, ಕೈಯಲ್ಲಿ ಒಂದು ಕಾಯಿ ಹೋಳು. ಅದನ್ನು ನಾಜಮೀನಳ ಕೈಗೆ ಕೊಟ್ಟು ಕೂತ.

ಒಂದು ಗೆರೆ ಓಡುವಂತೆ ಮಾಡಿದ: ಪರದೆಯ ಮೇಲೆ ಪ್ರತಿಯೊಂದು ಫ್ರೇಮೂ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಅದು ತೋರಿಸುತ್ತದೆ. ಎಲ್ಲಾದರೂ ಚಿತ್ರ ನಿಂತರೆ ಗೆರೆ ಮೇಲಕ್ಕೆ ಚಿಮ್ಮಬೇಕು. ಆಟವನ್ನೆಲ್ಲ ವಿಡಿಯೋ ಆಗಿ ಹಿಡಿಯುವ ವ್ಯವಸ್ಥೆಯನ್ನೂ ಮಾಡಿದ. "ಹೊಡೀರಿ ಮುನಾವರಭಾಯಿ," ಅಂದ.

ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಲಾರಿ ತಿರುವಿನಲ್ಲಿ ನೇರ ಹೋಗಿ ತಗ್ಗಿಗೆ ಬಿತ್ತು.

"ನೋಡ್ರಿ! ನಿಂತಿತು ನೋಡ್ರಿ ಈಗ!" ಮುನಾವರ ಕೂಗಿದ.

 ಶಶಿಕಾಂತ ಗೆರೆ ನೋಡುತ್ತಿದ್ದ. ಗೆರೆ ಕಣದ ನೆಲದ ಹಾಗೆ ಸಪಾಟಾಗಿತ್ತು.

"ಭಾಯಿ, ನಿಮಗ ಏನು ಕಂಡಿತು?"

"ತಿರುವು ದೂರ ಇತ್ತಲ್ಲ. ಚಿತ್ರ ನಿಂತಿತು. ಒಮ್ಮಿಂದೊಮ್ಮೆಲೆ ತಗ್ಗಿನ್ಯಾಗಿದ್ದೆ."

ಮುನಾವರ ನೀರು ಕುಡಿಯಲು ಒಳಗೆ ಹೋದಾಗ ಶಶಿಕಾಂತ ವಿಡಿಯೋ ಹಾಕಿ ತೋರಿಸಿದ. ಚಿತ್ರ ಎಲ್ಲೂ ನಿಂತಿಲ್ಲ. ಗಿಡ ಸರಿಯುತ್ತಿವೆ, ಕಲ್ಲು ಸರಿಯುತ್ತಿವೆ, ತಿರುವು ನಿಧಾನವಾಗಿ ಹತ್ತಿರ ಬರುತ್ತದೆ. ಸ್ಟೇರಿಂಗ್ ಮಾತ್ರ ಅಲುಗುವುದಿಲ್ಲ. ಎಣಿಸಿದ: ಆರು ಸೆಕೆಂಡು.

"ನಿನ್ನ ವಿಡಿಯೋ ಸುಳ್ಳು! ನಿನ್ನ ಗೆರೆ ಸುಳ್ಳು! ನೀನೇ ಸುಳ್ಳ!" ಎಂದೆ. ಓಣಿಯ ಆ ತುದಿಯವರು ಹಣಕಿ ನೋಡಿದರಂತೆ.

ಅವನು ತಂತಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಸಿಟ್ಟು ಮಾಡಲಿಲ್ಲ. ಚಪ್ಪಲಿ ಮೆಟ್ಟುವಾಗ ನನ್ನ ಕೈ ಹಿಡಿದು ಅಂದ, "ಚಾಚಾ, ಮುಂದಿನ ಸಲ ಕಂಪ್ಯೂಟರ್ ನೋಡಬ್ಯಾಡ್ರಿ. ಅವರ ಮಾರಿ ನೋಡ್ರಿ."

೨೫ ಜೂನ್, ಮಂಗಳವಾರ

ನೋಡಿದೆ.

ಕುರ್ಚಿ ತಿರುಗಿಸಿ ಯಂತ್ರಕ್ಕೆ ಬೆನ್ನು ಮಾಡಿ ಅವನ ಎದುರು ಕೂತೆ. "ಏನು ಭಾಯಿ, ನನ್ನ ಮಾರಿ ಮ್ಯಾಲೇನು ನಾಟಕ ನಡದೈತೇನು?" ಅಂದ. ನಗುತ್ತಿದ್ದ. ಗೇರು ಹಾಕಿದ. ನಗು ಇದ್ದ ಹಾಗೇ ಇತ್ತು, ಒಳಗಿನಿಂದ ಯಾರೋ ಎದ್ದು ಹೋದರು. ಕಣ್ಣು ನನ್ನ ಮೇಲಿತ್ತು, ನಾನು ಅದರಲ್ಲಿ ಇರಲಿಲ್ಲ. ಬಾಯಿ ಏನೋ ಅಗಿಯುವಂತೆ ಆಡಿತು. ಎಡಗೈ ಬೆರಳು ಅಂಗಿಯ ಗುಂಡಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿತು. ನಾನು ಕೈ ಬೀಸಿದೆ. ಏನೂ ಇಲ್ಲ.

ಆಮೇಲೆ ಬಂದ. ಪರದೆ ನೋಡಿದ.

"ಮತ್ತ ಫ್ರೇಮು ಹೋದವು ಭಾಯಿ."

೨೭ ಜೂನ್, ಗುರುವಾರ

ಅವನಿಗೆ ಹೇಳಲಿಲ್ಲ.

ನಾಜಮೀನಳಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ ಅವಳು. "ನಾ ಹೇಳಾಕ ಬಂದಾಗ ನೀವು ಭಾಷಣ ಮಾಡಿದ್ರಿ ಭಾವಾರ," ಅಂದಳು. ಇನ್ನೊಂದು ರೊಟ್ಟಿ ತವಾಕ್ಕೆ ಹಾಕಿದಳು. "ಅವರು ಬಿದ್ದಾಗಿಂದ ಇವು ಅದಾವ. ಮೊದಲು ವಾರಕ್ಕೊಂದಿದ್ವು. ನೀವು ಬಾಜೂಕ ಇದ್ದಾಗ ಗೊತ್ತ ಆಗಂಗಿಲ್ಲ. ಅವರು ಬಿಟ್ಟ ಮಾತು ನೀವು ಆಡಿಬಿಡ್ತೀರಿ."

ಕೂತು ನೆನಪು ಮಾಡಿಕೊಂಡೆ. ಮಸೂತಿ ಮುಂದೆ. ಸಂತೆಯಲ್ಲಿ. ಬಾಡಿಗೆ ಮನೆಯವನ ಎದುರು. ಲಗ್ನದ ಪಂಕ್ತಿಯಲ್ಲಿ. ಡಾಕ್ಟರ ಎದುರು. ಎಣಿಕೆ ಬಿಟ್ಟುಬಿಟ್ಟೆ. ಹದಿನಾರು ತಿಂಗಳು ನಾನು ಸಂಭಾಳಿಸಿದ್ದೇನೆ. ಎಷ್ಟು ಚೆನ್ನಾಗಿ ಸಂಭಾಳಿಸಿದೆನೆಂದರೆ ನೋಡುವವರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

೩೦ ಜೂನ್, ರವಿವಾರ

ಇವತ್ತು ಹೇಳಬೇಕೆಂದು ಹೋದೆ. ಮಾತು ಜೋಡಿಸಿಕೊಂಡಿದ್ದೆ.

ಅವನು ಇಸ್ತ್ರಿ ಮಾಡುತ್ತಿದ್ದ. ಖಾಕಿ ಅಂಗಿ, ಐದನೇ ತಾರೀಖಿನದು. ಸ್ಟೇರಿಂಗ್ ಅನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದಾನೆ.

"ಇನ್ನ ಆಟ ಸಾಕು ಭಾಯಿ," ಅಂದ. "ನೀ ಭಾಳ ಓಡಾಡಿದಿ. ಎಸ್‌ಎಸ್‌ಡಿ ತಂದಿ, ನರಗುಂದದಾಂವನ ಜೋಡಿ ಜಗಳಾ ಮಾಡಿದಿ. ಆ ಡಬ್ಬಿಗೆ ಏನು ರೋಗ ಬಂದೈತೋ ಅದರದ್ದ ಅದಕ್ಕ ಇರಲಿ. ಖರೇ ರಸ್ತಾದಾಗ ಫ್ರೇಮು ಎಲ್ಲಿರತಾವ? ಅಲ್ಲಿ ನಿಂದರೂದ ಇಲ್ಲ."

ಅಂಗಿಯ ಕಾಲರಿನ ಮಡಿಕೆ ಸರಿ ಮಾಡಿದ. ಇಸ್ತ್ರಿ ಪೆಟ್ಟಿಗೆ ಅಲ್ಲೇ ನಿಂತಿತು. ಕಂದು ಕಲೆ ಬೀಳುವ ಮುಂಚೆ ನಾನು ಅದನ್ನು ಎತ್ತಿ ಬದಿಗಿಟ್ಟೆ.

"ಆತೇನು?" ಅಂದ ಎಚ್ಚರಾದ ಮೇಲೆ.

"ಆತು," ಎಂದೆ.

೩ ಜುಲೈ, ಬುಧವಾರ

ಆಟೋದಲ್ಲಿ ಜಾಹೀರಾತು ಕೂಗುವಾಗ ಸಣ್ಣಪ್ಪನ ವ್ಯಾನು ಎದುರು ಬಂತು. ಕಿಟಕಿಯಲ್ಲಿ ಹಿಡಿ ಹಿಡಿ ತಲೆಗಳು, ಎರಡು ಜಡೆ, ನೀಲಿ ರಿಬ್ಬನ್ನು. ಒಂದು ಹುಡುಗಿ ನನ್ನ ದನಿಯನ್ನು ಅಣಕಿಸಿ ಕೂಗಿದಳು, "ಬರ್ರಿ ಬರ್ರಿ ಅಕ್ಕಾರ!" ಎಲ್ಲರೂ ಕೇಕೆ ಹಾಕಿದರು.

ಮೈಕು ಆಫ್ ಮಾಡಿದೆ. ಆಟೋದವನು ತಿರುಗಿ ಕೇಳಿದ, "ಗಂಟಲು ಹಿಡೀತೇನು ಬಾಬುಸಾಬ?"

ಹಿಡಿಯಿತು ಎಂದೆ.

ರಸ್ತೆಯ ಮೇಲೆ ಆರು ಸೆಕೆಂಡು ಅಂದರೆ ಎಷ್ಟು ದೂರ ಎಂದು ಅವನನ್ನು ಕೇಳಿದೆ. "ಎಷ್ಟು ಜೋರು ಹೊಡೀತಿ ಅದರ ಮ್ಯಾಲೆ," ಅಂದ. "ನಲವತ್ತರಾಗ ಹೊಂಟರ ಇಲ್ಲಿಂದ ಆ ಬೇವಿನ ಗಿಡ." ಗಿಡದವರೆಗೆ ನಡೆದು ನೋಡಿದೆ. ಭಾಳ ದೂರ.

೫ ಜುಲೈ, ಶುಕ್ರವಾರ

ಸಣ್ಣಪ್ಪನ ಅಂಗಳಕ್ಕೆ ಹತ್ತು ಗಂಟೆಗೆ ಹೋದೆವು. ಹುಡುಗರನ್ನು ಸಾಲಿಗೆ ಬಿಟ್ಟು ವ್ಯಾನು ಖಾಲಿ ನಿಂತಿತ್ತು. ದಾರಿಯಲ್ಲಿ ಮೂರು ಸಲ ಬಾಯಿ ತೆರೆದೆ, ಮೂರು ಸಲ ಮುಚ್ಚಿದೆ. ಇವನ ಬದಿಗೆ ನಾನೇ ಕೂರುತ್ತೇನೆ, ನಿಂತರೆ ಸ್ಟೇರಿಂಗ್ ನಾನು ಹಿಡಿಯುತ್ತೇನೆ ಎಂದುಕೊಂಡೆ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ದಿನಾಲೂ ನಾನೇ ಕೂರುತ್ತೇನೆಯೇ?

ಸಣ್ಣಪ್ಪ ಕಟ್ಟೆಯ ಮೇಲೆ ಚಹಾ ತರಿಸಿದ. ಕೀಲಿ ತೆಗೆದು ಮುನಾವರನ ಅಂಗೈಯಲ್ಲಿಟ್ಟ. ಮುನಾವರ ಅದನ್ನು ಮುಚ್ಚಿ ಹಿಡಿದ.

"ಎಷ್ಟು ವರ್ಷ ಹೊಡದೀಪಾ?" ಸಣ್ಣಪ್ಪ ಸುಮ್ಮನೆ ಮಾತಿಗೆ ಕೇಳಿದ.

"ಹನ್ನೆರಡು ವರ್ಷ ನಾ..."

ನಿಂತ.

ನನ್ನ ಬಾಯಿ ತಾನಾಗಿ ತೆರೆಯಿತು. ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು: ಹನ್ನೆರಡು ವರ್ಷ ಲಾರಿ ಹೊಡದಾನ್ರಿ, ದಾರಿಯಾಗ ಒಂದು ಕೋಳಿ ಸೈತ ಮೆಟ್ಟಿಲ್ಲ! ನಗು ಬರುವ ಮಾತು. ಸಣ್ಣಪ್ಪ ನಗುತ್ತಿದ್ದ. ಚಹಾ ಮುಗಿಯುತ್ತಿತ್ತು. ಅವನು ನನ್ನ ಕಡೆ ತಿರುಗಿದ. ಎಲ್ಲರೂ ತಿರುಗುತ್ತಾರೆ, ನಾನು ಎತ್ತಿಕೊಳ್ಳುತ್ತೇನೆಂದು.

ಹಲ್ಲು ಕಚ್ಚಿ ಬಾಯಿ ಮುಚ್ಚಿದೆ.

ಒಂದು. ಎರಡು. ಮೂರು. ಅಂಗಳದಲ್ಲಿ ಒಂದು ನಾಯಿ ಮೈ ಕೊಡವಿತು. ನಾಲ್ಕು. ಗುಂಡಿಯ ಮೇಲೆ ಬೆರಳು ಆಡತೊಡಗಿತು. ಐದು. ಸಣ್ಣಪ್ಪ ಮತ್ತೆ ಅವನ ಕಡೆ ನೋಡಿದ, ಕಪ್ಪು ಕೆಳಗಿಟ್ಟ. ಆರು. ಏಳು. ಕೀಲಿ ಕೈಯಿಂದ ಜಾರಿ ಬಿತ್ತು. ಎಂಟು.

"...ಲಾರಿ ಹೊಡದೇನ್ರಿ," ಅಂದ ಮುನಾವರ. ಆಮೇಲೆ ಸುತ್ತ ನೋಡಿದ. ಯಾರೂ ಮಾತಾಡುತ್ತಿರಲಿಲ್ಲ. ಕಾಲ ಬಳಿ ಬಿದ್ದ ಕೀಲಿ ನೋಡಿದ. ನನ್ನ ನೋಡಿದ.

ಸಣ್ಣಪ್ಪ ಬಗ್ಗಿ ಕೀಲಿ ತೆಗೆದುಕೊಂಡು ತನ್ನ ಜೇಬಿಗೆ ಹಾಕಿದ. ಒರಟ ಮನುಷ್ಯ ಅಲ್ಲ. "ಹುಡುಗೂರು ಕೂತಿರತಾವ ಒಳಗ," ಅಂದ. ಅಷ್ಟೇ ಅಂದ.

ತಿರುಗಿ ಬರುವಾಗ ಹತ್ತಿ ಮಾರ್ಕೆಟ್ ದಾಟಿದೆವು. ಆಮೇಲೆ ಮುನಾವರ ಮೆಲ್ಲಗೆ ಕೇಳಿದ, "ನಂದ ಏನು? ಆ ಡಬ್ಬಿದಲ್ಲ, ನಂದೇನು?"

ಹೌದು ಎಂದೆ.

"ಯಾವಾಗೂ ನಿನ್ನ ದನಿ ಇರತಿತ್ತು," ಅಂದ. "ಎಚ್ಚರಾದಾಗ ನೀ ಏನೋ ಮಾತಾಡತಿದ್ದಿ, ಮಂದಿ ನಗತಿದ್ರು. ನಾ ಎಲ್ಲೂ ಹೋಗಿಲ್ಲ ಅಂತ ತಿಳಕೋತಿದ್ದೆ. ಇವತ್ತ ಎಚ್ಚರಾದಾಗ ಯಾರದೂ ದನಿ ಇರಲಿಲ್ಲ."

ಸ್ವಲ್ಪ ದೂರ ನಡೆದ.

"ಮೊದಲ ಯಾಕ ಸುಮ್ಮನಿರಲಿಲ್ಲ?"



೯ ಜುಲೈ, ಮಂಗಳವಾರ

ಹುಬ್ಬಳ್ಳಿ. ತಲೆಗೆ ತಂತಿ ಹಚ್ಚಿ ಕಾಗದದ ಮೇಲೆ ಗೆರೆ ತೆಗೆದರು. ಅಲ್ಲಿ ಗೆರೆ ಸಪಾಟ ಇರಲಿಲ್ಲ.

ಫಿಟ್ಸೇ ಇದು, ಬಿದ್ದು ಒದ್ದಾಡದ ತರದ್ದು, ಅಂದರು. ದಿನಕ್ಕೆ ಎರಡು ಗುಳಿಗೆ. ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಬೇಗ ಬಂದಿದ್ದರೆ ಎಂದು ಡಾಕ್ಟರ ಅರ್ಧ ಹೇಳಿ ಬಿಟ್ಟರು. ಗಾಡಿ ಮುಟ್ಟುವಂತಿಲ್ಲ. ಲೈಸೆನ್ಸು ಇಟ್ಟುಕೊಳ್ಳುವಂತಿಲ್ಲ.

ಪ್ರತಿ ಸಲ ಬಂದಾಗ ತಾರೀಖು, ವೇಳೆ, ಎಷ್ಟು ಸೆಕೆಂಡು ಎಂದು ಯಾರಾದರೂ ಬರೆದಿಡಬೇಕಂತೆ. ಈ ನೋಟುಬುಕ್ಕಿನಲ್ಲೇ ಬರೆಯುತ್ತೇನೆ.

ಶುಕ್ರವಾರದಿಂದ ಅವನು ನನ್ನ ಜೊತೆ ಮಾತಾಡಿಲ್ಲ.

೧೦ ಜುಲೈ

ಬೆಳಿಗ್ಗೆ ೭:೪೦. ೬ ಸೆಕೆಂಡು. ನಾಷ್ಟಾ ಮಾಡುವಾಗ.

೧೧:೧೫. ೫ ಸೆಕೆಂಡು.

೪:೦೦. ೭ ಸೆಕೆಂಡು. ನಾಜಮೀನ ಹೇಳಿದ್ದು. ನಾನಿದ್ದರೆ ಅವನು ಖೋಲಿಗೆ ಬರುವುದಿಲ್ಲ.

೧೧ ಜುಲೈ

೮:೦೫. ೬.

೧:೩೦. ೯. ತುತ್ತು ಕೈಯಲ್ಲೇ.

ಮಧ್ಯಾಹ್ನ ಅವನೇ ಲೈಸೆನ್ಸು ತಂದು ಮೇಜಿನ ಮೇಲಿಟ್ಟು ಹೋದ. ಫೋಟೋದಲ್ಲಿ ಇಪ್ಪತ್ತೈದರವನು.

೧೨ ಜುಲೈ

೭:೫೦. ೫.

೧೫ ಜುಲೈ

೮:೨೦. ೪.

ಸಂಜೆ ೬:೧೦. ೮ ಸೆಕೆಂಡು. ಹತ್ತು ದಿನದ ಮೇಲೆ ನನ್ನ ಹತ್ತಿರ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತು, "ಭಾಯಿ, ನಾ ನಿನಗ..." ಅಂದ. ಅಲ್ಲಿ ನಿಂತಿತು. ಕಾದೆ. ಕಣ್ಣು ತಿರುಗಿ ಬಂದಾಗ ಏನು ಹೇಳಲು ಬಂದಿದ್ದೆನೆಂದು ಹುಡುಕಿದ. ಸಿಗಲಿಲ್ಲ. ನಾನು ಸುಮ್ಮನಿದ್ದೆ. ಇನ್ನಷ್ಟು ಹೊತ್ತು ನಿಂತಿದ್ದು ಹೋದ.